ಇದ್ದಿಲಾಗಿ ಉಳಿದ ಊರು

1752ರ ಅಕ್ಟೋಬರ್. ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿದ್ದ ರೆಸೀನಾ ಎಂಬ ಊರಿನ ಮನೆ, ತೋಟಗಳ ಅಡಿಯಲ್ಲಿ, ನೆಲಮಟ್ಟದಿಂದ ಸುಮಾರು ಇಪ್ಪತ್ತು ಮೀಟರ್ ಆಳದಲ್ಲಿ, ಕೂಲಿಯಾಳುಗಳೂ ಸೆರೆಮನೆಯಿಂದ ತಂದ ಕೈದಿಗಳೂ ಸುರಂಗ ಕೊರೆಯುತ್ತಿದ್ದರು. ಪಂಜಿನ ಹೊಗೆ, ನೆಲದೊಳಗಿಂದ ಒಸರುವ ವಿಷಗಾಳಿ, ಎಲ್ಲೆಲ್ಲೂ ತೇವ. ಅವರು ಹುಡುಕುತ್ತಿದ್ದದ್ದು ರಾಜನ ಅರಮನೆಗೆ ಬೇಕಾದ ಕಂಚಿನ ಮತ್ತು ಅಮೃತಶಿಲೆಯ ವಿಗ್ರಹಗಳನ್ನು. ಆ ತಿಂಗಳು, ಹೂತುಹೋಗಿದ್ದ ಒಂದು ಭಾರಿ ಬಂಗಲೆಯೊಳಗೆ ಅವರ ಗುದ್ದಲಿಗೆ ತಾಕಿದ್ದು ಕರಿಯ ತುಂಡುಗಳು. ಒಂದೊಂದೂ ಸುಟ್ಟ ಕೊರಡಿನ ಹಾಗೆ ಸುಕ್ಕುಗಟ್ಟಿ ಗಿಡ್ಡಗಾಗಿತ್ತು. ಇದ್ದಿಲೆಂದು ಕೆಲವನ್ನು ಎಸೆದರು. ಒಡೆದ ತುಂಡುಗಳಲ್ಲಿ ಅಕ್ಷರಗಳು ಕಂಡ ಮೇಲೆ ತಿಳಿಯಿತು, ಅವು ಪುಸ್ತಕಗಳು. ಪಪೈರಸ್ ಹಾಳೆಯ ಮೇಲೆ ಬರೆದು ಸುತ್ತಿಟ್ಟ ಸುರುಳಿಗಳು. ಪ್ರಾಚೀನ ಗ್ರೀಕ್, ರೋಮನ್ ಜಗತ್ತಿನ ಒಂದು ಗ್ರಂಥಭಂಡಾರ ಇದ್ದ ಜಾಗದಲ್ಲೇ ಉಳಿದುಕೊಂಡು ಸಿಕ್ಕಿದ್ದು ಇದೊಂದೇ.

ಆ ಬಂಗಲೆ ಇದ್ದದ್ದು ಹರ್ಕ್ಯುಲೇನಿಯಂ ಪಟ್ಟಣದ ಹೊರಗೋಡೆಯ ಆಚೆಗೆ. ಈ ಪಟ್ಟಣದ ಕಥೆಯನ್ನು ಜ್ವಾಲಾಮುಖಿಯಿಂದ ಶುರುಮಾಡಿ ಅಲ್ಲಿಗೇ ಮುಗಿಸುವುದು ರೂಢಿ. ಅದರ ಪಕ್ಕದ ಪಾಂಪೇಯಿಗೆ ಸಿಕ್ಕ ಪ್ರಸಿದ್ಧಿಯಲ್ಲಿ ಇದು ಮರೆಯಾಗುವುದೂ ಹಾಗೆಯೇ. ನನಗೆ ಹೇಳಬೇಕೆನಿಸುವುದು ಊರು ಹೂತದ್ದಕ್ಕಿಂತ ಹೆಚ್ಚಾಗಿ ಅದನ್ನು ಅಗೆದ ಮುನ್ನೂರು ವರ್ಷಗಳ ಕಥೆ. ಬಿಳಿಯ ಅಮೃತಶಿಲೆಗಾಗಿ ಬಂದವರು ಕರಿಯ ಇದ್ದಿಲಿನ ಬೆಲೆ ತಿಳಿದದ್ದು ಹೇಗೆ, ಅಷ್ಟರೊಳಗೆ ಏನೇನು ಹಾಳಾಯಿತು ಎಂಬ ಕಥೆ.

ಮೊದಲು ಊರು ಹೂತುಹೋದ ರಾತ್ರಿಯ ವಿಷಯ. ಹರ್ಕ್ಯುಲೇನಿಯಂ ಸಣ್ಣ ಊರು. ನಾಲ್ಕೈದು ಸಾವಿರ ಜನ, ವೆಸೂವಿಯಸ್ ಬೆಟ್ಟದ ಪಶ್ಚಿಮದ ಇಳಿಜಾರು ಸಮುದ್ರಕ್ಕೆ ಸೇರುವಲ್ಲಿ ಒಂದು ದಿಬ್ಬದ ಮೇಲೆ ಕಟ್ಟಿಕೊಂಡ ಮನೆಗಳು. ಬೆಟ್ಟದ ಬಾಯಿಗೂ ಊರಿಗೂ ನಡುವೆ ಏಳು ಕಿಲೋಮೀಟರ್. ಬೆಟ್ಟದ ಮೇಲೆ ದ್ರಾಕ್ಷಿತೋಟಗಳಿದ್ದವು. ಅದು ಬೆಂಕಿಯುಗುಳೀತೆಂದು ಯಾರೂ ಅಂದುಕೊಂಡಿರಲಿಲ್ಲ. ಕ್ರಿ.ಶ. 62ರ ಸುಮಾರಿಗೆ ಆದ ದೊಡ್ಡ ಭೂಕಂಪದಲ್ಲಿ ಬಿದ್ದ ಗೋಡೆಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾಗಲೇ, ಕ್ರಿ.ಶ. 79ರಲ್ಲಿ ಒಂದು ಮಧ್ಯಾಹ್ನ ಬೆಟ್ಟ ಸಿಡಿಯಿತು. ದಿನಾಂಕ ಆಗಸ್ಟ್ 24 ಎಂದು ಬಹುಕಾಲ ನಂಬಲಾಗಿತ್ತು. 2018ರಲ್ಲಿ ಪಾಂಪೇಯಿಯ ಒಂದು ಮನೆಯ ಗೋಡೆಯ ಮೇಲೆ ಯಾರೋ ಗೀಚಿದ ಬರಹ ಸಿಕ್ಕಿತು. ಅದರಲ್ಲಿದ್ದದ್ದು ಅಕ್ಟೋಬರ್ 17ಕ್ಕೆ ಸರಿಹೊಂದುವ ದಿನಾಂಕ. ಗೀಚಿದ್ದು ಇದ್ದಿಲಿನ ತುಂಡಿನಿಂದ. ಇದ್ದಿಲಿನ ಗೀಟು ಬಹಳ ದಿನ ನಿಲ್ಲುವಂಥದ್ದಲ್ಲ. ಆದ್ದರಿಂದ ಸ್ಫೋಟ ಆಗಿದ್ದು ಅಕ್ಟೋಬರ್ ಕೊನೆಯಲ್ಲಿ ಎಂದು ಈಗ ಬಹಳ ಮಂದಿ ಒಪ್ಪುತ್ತಾರೆ.

ಗಾಳಿ ಬೀಸುತ್ತಿದ್ದದ್ದು ಆಗ್ನೇಯ ದಿಕ್ಕಿಗೆ. ಆಕಾಶಕ್ಕೆದ್ದ ನೊರೆಗಲ್ಲು, ಬೂದಿ ಎಲ್ಲ ಪಾಂಪೇಯಿಯ ಮೇಲೆ ಸುರಿಯಿತು. ಬೆಟ್ಟಕ್ಕೆ ಇನ್ನೂ ಹತ್ತಿರವಿದ್ದ ಹರ್ಕ್ಯುಲೇನಿಯಂ ಮೇಲೆ ಬಿದ್ದದ್ದು ಕೆಲವು ಸೆಂಟಿಮೀಟರ್ ಮಾತ್ರ. ಹೀಗಾಗಿ ಜನಕ್ಕೆ ಅರ್ಧ ದಿನದ ಅವಕಾಶ ಸಿಕ್ಕಿತು. ಹಲವರು ನೇಪಲ್ಸ್ ಕಡೆಗೆ ಹೊರಟಿರಬೇಕು. ಉಳಿದವರು ಕಡಲ ದಂಡೆಗೆ ಇಳಿದರು. ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ, ಮೂವತ್ತು ಕಿಲೋಮೀಟರಿನಷ್ಟು ಎತ್ತರಕ್ಕೆ ನಿಂತಿದ್ದ ಬೂದಿಯ ಕಂಬ ತನ್ನ ಭಾರಕ್ಕೇ ಕುಸಿಯಿತು. ಕುದಿಯುವ ಅನಿಲ, ಬೂದಿ ಬೆರೆತ ಮೋಡ ಇಳಿಜಾರಿನಲ್ಲಿ ನೆಲಕ್ಕೆ ತಾಗಿಕೊಂಡು ನುಗ್ಗಿ ಕೆಲವೇ ನಿಮಿಷಗಳಲ್ಲಿ ಊರನ್ನು ಹಾಯ್ದು ಸಮುದ್ರ ಸೇರಿತು. ಅದರ ಹಿಂದೆ ಅಂಥದ್ದೇ ಇನ್ನೂ ಹಲವು ಅಲೆಗಳು. ಬೆಳಗಾಗುವಷ್ಟರಲ್ಲಿ ಊರು ಇಪ್ಪತ್ತು ಮೀಟರ್ ಆಳಕ್ಕೆ ಮುಚ್ಚಿಹೋಗಿತ್ತು. ಸಮುದ್ರವೇ ನೂರಾರು ಮೀಟರ್ ಹಿಂದಕ್ಕೆ ಸರಿದಿತ್ತು.

ಆ ದಿನಗಳನ್ನು ಕಣ್ಣಾರೆ ಕಂಡು ಬರೆದವನು ಕಿರಿಯ ಪ್ಲಿನಿ. ಆಗ ಅವನಿಗೆ ಹದಿನೇಳು ವರ್ಷ. ಕೊಲ್ಲಿಯ ಆಚೆ ಬದಿಯ ಮಿಸೇನಮ್‌ನಲ್ಲಿದ್ದ. ನೌಕಾಪಡೆಯ ದಳಪತಿಯಾಗಿದ್ದ ಅವನ ಸೋದರಮಾವ ಹಿರಿಯ ಪ್ಲಿನಿ ಜನರನ್ನು ಕಾಪಾಡಲು ಹಡಗು ಹತ್ತಿ ಹೋಗಿ ದಡ ಸೇರಲಾಗದೆ, ಕೊನೆಗೆ ಸ್ಟೇಬಿಯಾ ಎಂಬ ಊರಿನಲ್ಲಿ ಸತ್ತ. ಎಷ್ಟೋ ವರ್ಷಗಳ ಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರಗಳಲ್ಲಿ ಅಳಿಯ ಇದನ್ನೆಲ್ಲ ವಿವರಿಸಿದ್ದಾನೆ. ಆದರೆ ಆ ಪತ್ರಗಳಲ್ಲಿ ಹರ್ಕ್ಯುಲೇನಿಯಂನ ಹೆಸರೇ ಇಲ್ಲ.

ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪಾಂಪೇಯಿಯಲ್ಲಿ ನೊರೆಗಲ್ಲಿನ ಭಾರಕ್ಕೆ ಮಾಡುಗಳು ಕುಸಿದವು, ಮರಮುಟ್ಟು ಕಾಲಕ್ರಮದಲ್ಲಿ ಕೊಳೆತುಹೋಯಿತು. ಹರ್ಕ್ಯುಲೇನಿಯಂನಲ್ಲಿ ಬಿಸಿ ಬೂದಿ ಮನೆಗಳ ಒಳಗೂ ಹೊರಗೂ ಒಟ್ಟಿಗೆ ತುಂಬಿಕೊಂಡು ಗಟ್ಟಿಯಾಯಿತು. ಬಿಸಿ ವಿಪರೀತ, ಆದರೆ ಗಾಳಿಯಾಡಲು ಎಡೆಯೇ ಇಲ್ಲ. ಮರ ಉರಿದು ಬೂದಿಯಾಗಲಿಲ್ಲ, ಇದ್ದಿಲಾಯಿತು. ಇದ್ದಿಲಿಗೆ ಹುಳ ಹತ್ತುವುದಿಲ್ಲ, ಅದು ಕೊಳೆಯುವುದೂ ಇಲ್ಲ. ಬಾಗಿಲು, ತೊಲೆ, ಅಟ್ಟ, ಮಂಚ, ರೊಟ್ಟಿ, ಬಟ್ಟೆ, ಹಗ್ಗ, ಪುಸ್ತಕ ಎಲ್ಲವೂ ಉಳಿದದ್ದು ಈ ಕಾರಣಕ್ಕೆ. ಎರಡಂತಸ್ತಿನ ಮನೆಗಳು ಮೇಲಂತಸ್ತಿನ ಸಮೇತ ನಿಂತಲ್ಲೇ ನಿಂತವು.

ಸಾವಿರದ ಆರುನೂರಕ್ಕೂ ಹೆಚ್ಚು ವರ್ಷ ಊರು ಮರೆತೇಹೋಗಿತ್ತು. ಮೇಲೆ ಹೊಸ ಊರು ಬೆಳೆಯಿತು. 1709ರ ಹೊತ್ತಿಗೆ ರೆಸೀನಾದಲ್ಲಿ ಬಾವಿ ತೋಡುತ್ತಿದ್ದಾಗ ಬೆಲೆಬಾಳುವ ಅಮೃತಶಿಲೆಯ ತುಂಡುಗಳು ಬಂದವು. ಆಗ ನೇಪಲ್ಸ್ ಆಸ್ಟ್ರಿಯಾದ ಕೈಯಲ್ಲಿತ್ತು. ಅದರ ಸೈನ್ಯದ ಅಧಿಕಾರಿ ಡೆಲ್ಬೆಫ್ ರಾಜಕುಮಾರ ಹತ್ತಿರದಲ್ಲೇ ತನಗೊಂದು ಬಂಗಲೆ ಕಟ್ಟಿಸುತ್ತಿದ್ದ. ಜಾಗ ಕೊಂಡು ಅಗೆಸಿದ. ಬಾವಿ ಇಳಿದದ್ದು ಪಟ್ಟಣದ ನಾಟಕಶಾಲೆಯ ರಂಗದ ಮೇಲೆಯೇ. ಅಲ್ಲಿ ಸಿಕ್ಕ ಮೂರು ಸ್ತ್ರೀಮೂರ್ತಿಗಳನ್ನು ಅವನು ವಿಯೆನ್ನಾದ ಯೂಜೀನ್ ರಾಜಕುಮಾರನಿಗೆ ಕಳಿಸಿದ. ಅವು ಮುಂದೆ ಜರ್ಮನಿಯ ಡ್ರೆಸ್ಡನ್ ಸೇರಿ ಇವತ್ತಿಗೂ ಅಲ್ಲೇ ಇವೆ.

1738ರಲ್ಲಿ ನೇಪಲ್ಸಿನ ಹೊಸ ರಾಜ, ಬೂರ್ಬೋನ್ ವಂಶದ ಚಾರ್ಲ್ಸ್, ಅಗೆತವನ್ನು ಮತ್ತೆ ಶುರುಮಾಡಿಸಿದ. ಕೆಲಸಕ್ಕೆ ನಿಂತವನು ರೋಕೆ ಹೊವಾಕಿನ್ ದೆ ಆಲ್ಕುಬಿಯೆರೆ ಎಂಬ ಸ್ಪೇನಿನ ಸೇನಾ ಇಂಜಿನಿಯರ್. ಆ ವರ್ಷದ ಡಿಸೆಂಬರಿನಲ್ಲಿ ಸಿಕ್ಕ ಒಂದು ಶಾಸನದಿಂದ ಇದು ಹರ್ಕ್ಯುಲೇನಿಯಂ ಎಂದು ಗೊತ್ತಾಯಿತು. ಆಲ್ಕುಬಿಯೆರೆಗೆ ಗಣಿ ಕೊರೆಯುವುದು ಗೊತ್ತಿತ್ತು, ಅದನ್ನೇ ಮಾಡಿದ. ಗೋಡೆ ಅಡ್ಡಬಂದರೆ ಒಡೆದು ಮುಂದೆ ಹೋಗುವುದು, ಚಂದದ ಗೋಡೆಚಿತ್ರ ಕಂಡರೆ ಕತ್ತರಿಸಿ ಮೇಲಕ್ಕೆ ಸಾಗಿಸುವುದು, ಮುಂದಿನ ಸುರಂಗದ ಮಣ್ಣಿನಿಂದ ಹಿಂದಿನದನ್ನು ತುಂಬುವುದು. ಸಿಕ್ಕ ವಸ್ತುಗಳು ಪೋರ್ತಿಚಿಯ ಅರಮನೆಗೆ ಹೋಗುತ್ತಿದ್ದವು. ಕಂಚಿನ ಅಕ್ಷರಗಳಿದ್ದ ಒಂದು ಶಾಸನದಿಂದ ಅಕ್ಷರಗಳನ್ನು ಕಿತ್ತು, ಓದಿ ಬರೆದುಕೊಳ್ಳುವ ಮುಂಚೆಯೇ, ಬುಟ್ಟಿಗೆ ತುಂಬಿ ಅರಮನೆಗೆ ಕಳಿಸಿದರೆಂದು ಜರ್ಮನ್ ವಿದ್ವಾಂಸ ವಿಂಕೆಲ್‌ಮನ್ ದಾಖಲಿಸಿದ್ದಾನೆ. ಸಾಲು ಕಳೆದುಕೊಂಡ ಅಕ್ಷರಗಳು ಯಾವ ಮಾತನ್ನೂ ಹೇಳಲಾರವು. ಕಂಚಿನ ಕುದುರೆ ರಥವೊಂದರ ಚೂರುಗಳಲ್ಲಿ ಒಂದಷ್ಟನ್ನು ಕರಗಿಸಿದ್ದನ್ನೂ ಅವನು ಬರೆದಿದ್ದಾನೆ. 1762ರಲ್ಲಿ ಅವನು ಪ್ರಕಟಿಸಿದ ಬಹಿರಂಗ ಪತ್ರ ಯುರೋಪಿನಾದ್ಯಂತ ಹರಡಿ ನೇಪಲ್ಸಿನ ಆಸ್ಥಾನಕ್ಕೆ ಮುಜುಗರ ತಂದಿತು. ತರಬೇಕಾದದ್ದೇ.

ಈ ಕತ್ತಲಲ್ಲಿ ಒಬ್ಬನ ಕೆಲಸ ಬೆಳಕಾಗಿ ಕಾಣುತ್ತದೆ. 1750ರಲ್ಲಿ ಆಲ್ಕುಬಿಯೆರೆಯ ಕೈಕೆಳಗೆ ಸೇರಿದ ಸ್ವಿಟ್ಜರ್ಲೆಂಡಿನ ಕಾರ್ಲ್ ವೆಬರ್. ಅವನೂ ಸೇನಾ ಇಂಜಿನಿಯರನೇ. ಆದರೆ ಯಾವ ವಸ್ತು ಯಾವ ಕೋಣೆಯ ಯಾವ ಮೂಲೆಯಲ್ಲಿ ಸಿಕ್ಕಿತು ಎಂಬುದೇ ಅದರ ಅರ್ಧ ಅರ್ಥವೆಂದು ಅವನಿಗೆ ಹೊಳೆದಿತ್ತು. ಆ ಕಾಲಕ್ಕೆ ಅದು ಹೊಸ ವಿಚಾರ. ಕಣ್ಣಿಗೆ ಒಮ್ಮೆಗೆ ನಾಲ್ಕು ಹೆಜ್ಜೆಯಾಚೆ ಕಾಣದ ಸುರಂಗಗಳಲ್ಲಿ ತೆವಳಿಕೊಂಡು, 250 ಮೀಟರಿಗೂ ಉದ್ದಕ್ಕೆ ಚಾಚಿದ್ದ, ಸುರುಳಿಗಳು ಸಿಕ್ಕ ಆ ಕಡಲಬದಿಯ ಬಂಗಲೆಯ ಇಡೀ ನಕ್ಷೆಯನ್ನು ಅವನು ಬರೆದ. ಪ್ರತಿಯೊಂದು ವಿಗ್ರಹ ಎಲ್ಲಿ ಸಿಕ್ಕಿತೆಂದು ಅದರಲ್ಲಿ ಗುರುತಿಸಿದ. ಎಂಬತ್ತಕ್ಕೂ ಹೆಚ್ಚು ವಿಗ್ರಹಗಳು ಬಂದವು ಆ ಮನೆಯಿಂದ. ಮೇಲಧಿಕಾರಿಯ ಅಸಹನೆಯನ್ನು ಸಹಿಸಿಕೊಂಡು ದುಡಿದ ವೆಬರ್ 1764ರಲ್ಲಿ ತೀರಿಕೊಂಡ. ಸುರಂಗಗಳು ಮುಚ್ಚಿಹೋದವು. 1970ರ ದಶಕದಲ್ಲಿ ಅಮೆರಿಕದ ಎಣ್ಣೆ ವ್ಯಾಪಾರಿ ಜೆ. ಪಾಲ್ ಗೆಟ್ಟಿ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಅದೇ ಬಂಗಲೆಯ ಮಾದರಿಯಲ್ಲಿ ತನ್ನ ವಸ್ತುಸಂಗ್ರಹಾಲಯ ಕಟ್ಟಿಸಿದಾಗ ಆಧಾರವಾದದ್ದು ವೆಬರನ ಆ ನಕ್ಷೆ.

ಇನ್ನು ಆ ಕರಿಯ ಸುರುಳಿಗಳು. ತುಂಡುಗಳೂ ಸೇರಿ ಸುಮಾರು 1800. ತೆರೆಯುವುದು ಹೇಗೆ? ಅರಮನೆಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಕಮಿಲ್ಲೊ ಪದೆರ್ನಿ ಚಾಕುವಿನಿಂದ ಉದ್ದಕ್ಕೆ ಸೀಳಿ, ಒಳಗಿನ ಪದರಗಳನ್ನು ಕೆರೆಯುತ್ತಾ ಹೋದ. ಒಂದು ಪದರ ಓದಬೇಕೆಂದರೆ ಅದರ ಮೇಲಿನದು ಪುಡಿಯಾಗಬೇಕು. ಸುಲಭವಾಗಿ ಓದಬಹುದಾಗಿದ್ದ ಎಷ್ಟೋ ಸುರುಳಿಗಳು ಹೀಗೆ ಮೊದಲಿಗೇ ಹಾಳಾದವು. 1753ರಲ್ಲಿ ವ್ಯಾಟಿಕನ್ ಗ್ರಂಥಾಲಯದಿಂದ ಪಾದ್ರಿ ಆಂತೋನಿಯೊ ಪಿಯಾಜ್ಜೊ ಬಂದರು. ಅವರು ಕಟ್ಟಿದ ಯಂತ್ರದಲ್ಲಿ ಸುರುಳಿಯನ್ನು ತೂಗುಹಾಕಿ, ಅದರ ಹಿಂಬದಿಗೆ ಪ್ರಾಣಿಯ ತೆಳು ಪೊರೆಯ ಚೂರುಗಳನ್ನು ಅಂಟಿಸಿ, ರೇಷ್ಮೆ ದಾರದಿಂದ ಮೆಲ್ಲಗೆ ಮೇಲಕ್ಕೆಳೆಯಬೇಕು. ದಿನಕ್ಕೆ ಕೆಲವು ಮಿಲಿಮೀಟರ್. ಮೊದಲ ಸುರುಳಿ ಬಿಚ್ಚಲು ನಾಲ್ಕು ವರ್ಷ ಹಿಡಿಯಿತು. ಪಿಯಾಜ್ಜೊ ತಮ್ಮ ಬದುಕಿನ ಉಳಿದ ನಾಲ್ಕು ದಶಕವನ್ನು ಇದಕ್ಕೇ ಕೊಟ್ಟರು. ಅವರ ತಾಳ್ಮೆಗೆ ಯಾವ ಹೊಗಳಿಕೆಯೂ ಹೆಚ್ಚಲ್ಲ.

ಯುರೋಪಿನ ಪಂಡಿತರು ಕಾದು ಕುಳಿತಿದ್ದರು. ರೋಮಿನ ಲಿವಿ ಬರೆದು ಕಳೆದುಹೋದ ಇತಿಹಾಸದ ಸಂಪುಟಗಳು ಬರಬಹುದು, ಗ್ರೀಕ್ ಕವಯಿತ್ರಿ ಸ್ಯಾಫೊಳ ಪದ್ಯಗಳು ಬರಬಹುದು ಎಂದು. ಬಂದದ್ದು ಸಂಗೀತದ ಕುರಿತು ಫಿಲೊಡೀಮಸ್ ಎಂಬ ಎಪಿಕ್ಯೂರಿಯನ್ ತತ್ತ್ವಜ್ಞಾನಿ ಗ್ರೀಕಿನಲ್ಲಿ ಬರೆದ ಗ್ರಂಥ. ಈಗಿನ ಜೋರ್ಡಾನಿನಲ್ಲಿರುವ ಗಡಾರಾ ಅವನ ಹುಟ್ಟೂರು. ಬಿಚ್ಚಿದ ಸುರುಳಿಗಳಲ್ಲಿ ಬಹುಪಾಲು ಅವನದ್ದೇ ಬರಹಗಳು. ಬಂಗಲೆ ಜೂಲಿಯಸ್ ಸೀಸರನ ಮಾವ ಪೀಸೊನದ್ದಾಗಿರಬೇಕು, ಫಿಲೊಡೀಮಸ್ ಅವನ ಆಶ್ರಯದಲ್ಲಿದ್ದವನು ಎಂಬ ಊಹೆಗೆ ಬಲ ಬಂದದ್ದು ಹೀಗೆ. ಹಲವರು ನಿರಾಶರಾದರು. ಆ ನಿರಾಶೆ ನನಗೆ ಸರಿಕಾಣುವುದಿಲ್ಲ. ಸಾವಿನ ಭಯ, ಸಿಟ್ಟು, ಹೊಗಳುಭಟ್ಟತನ, ಮನೆವಾರ್ತೆ ಇಂಥವುಗಳ ಬಗ್ಗೆ ಒಬ್ಬ ಮನುಷ್ಯ ತನ್ನ ಗೆಳೆಯರಿಗೆಂದು ಯೋಚಿಸಿ ಬರೆದದ್ದು ಇಂಥ ಬೆಂಕಿ ದಾಟಿ ಬಂದಿದೆ ಎಂಬುದೇ ಸಾಲದೆ?

ರಾಜರಿಗೆ ಮಾತ್ರ ಅವು ಉಡುಗೊರೆಯ ಸಾಮಾನು. 1802ರಲ್ಲಿ ಆರು ಸುರುಳಿಗಳು ನೆಪೋಲಿಯನ್‌ಗೆ ಹೋದವು. ಇನ್ನೊಂದಷ್ಟು ಇಂಗ್ಲೆಂಡಿನ ಯುವರಾಜನಿಗೆ. ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಅನಿಲ ಹಾಯಿಸಿ ಬಿಡಿಸಲು ನೋಡಿದ, ಹೆಚ್ಚೇನೂ ಆಗಲಿಲ್ಲ. ನೂರಾರು ಸುರುಳಿಗಳು ಮುಟ್ಟಿದರೆ ಉದುರುವ ಸ್ಥಿತಿಯಲ್ಲಿ ಹಾಗೇ ಪೆಟ್ಟಿಗೆಗಳಲ್ಲಿ ಮಲಗಿದವು.

ಪಟ್ಟಣ ಸರಿಯಾಗಿ ಬಿಸಿಲು ಕಂಡದ್ದು 1927ರಿಂದ ಈಚೆಗೆ. ಪುರಾತತ್ವಜ್ಞ ಅಮೆದೆಯೊ ಮಯೂರಿ ಸುರಂಗದ ದಾರಿ ಬಿಟ್ಟು ಮೇಲಿನಿಂದಲೇ ಅಗೆಸುತ್ತಾ ಬಂದರು. ಹಣ ಕೊಟ್ಟದ್ದು ಮುಸೊಲಿನಿಯ ಸರ್ಕಾರ, ಪ್ರಾಚೀನ ರೋಮಿನ ವೈಭವ ತನ್ನದೆಂದು ತೋರಿಸಿಕೊಳ್ಳುವ ಹಂಬಲದಲ್ಲಿ. ಆದರೆ ಮೂರು ದಶಕಗಳ ದುಡಿಮೆಯಲ್ಲಿ ಮೇಲೆದ್ದು ಬಂದದ್ದು ಚಕ್ರವರ್ತಿಗಳ ರೋಮ್ ಅಲ್ಲ, ಅಂಗಡಿಯವರ, ಬಡಗಿಗಳ, ಗುಲಾಮಗಿರಿಯಿಂದ ಬಿಡುಗಡೆಯಾದವರ ರೋಮ್. ಒಂದು ಮನೆಯ ನಡುಕೋಣೆಯಲ್ಲಿ ಕಂಚಿನ ಬಿಗಿಗಳ ಸಮೇತ ನಿಂತ ಮರದ ಮಡಿಚು ಬಾಗಿಲು. ಪಕ್ಕದ ಅಂಗಡಿಯಲ್ಲಿ ಬಟ್ಟೆ ಒತ್ತುವ ಮರದ ತಿರುಪಿನ ಯಂತ್ರ. ಕುತ್ತಿಗೆ ಸಣ್ಣಗಿನ ಹೂಜಿಗಳನ್ನು ಮಲಗಿಸಿಟ್ಟ ಅಟ್ಟಣಿಗೆ. ಇದ್ದಿಲಾದ ಅಂಜೂರ, ಗೋಧಿ, ಹುರುಳಿಯಂಥ ಕಾಳುಗಳು. ಇದೇ ಊರಿನಲ್ಲಿ ಸಿಕ್ಕ, ಎಂಟು ಪಾಲಾಗಿ ಗೆರೆಯೆಳೆದ ಒಂದು ಗುಂಡು ರೊಟ್ಟಿಯ ಮೇಲೆ ಮುದ್ರೆಯೊತ್ತಿದೆ: ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ಗುಲಾಮ ಸೆಲೆರ್‌ನದ್ದು ಎಂದು. ಒಬ್ಬ ಗುಲಾಮನ ಹೆಸರು ಶಿಲೆಯ ಮೇಲೆ ಕೊರೆಸಿ ಉಳಿಸುವವರು ಯಾರಿದ್ದರು? ರೊಟ್ಟಿ ಉಳಿಸಿತು. ಇನ್ನೊಂದು ಮನೆಯಲ್ಲಿ ಮರದ ತೊಟ್ಟಿಲು ಸಿಕ್ಕಿತು. ಒಳಗೆ ಕೂಸಿನ ಮೂಳೆಗಳಿದ್ದವು.

1738ರ ಅಗೆತಕ್ಕೆ ಇನ್ನೂರು ವರ್ಷ ತುಂಬಿದಾಗ ಹೊರಬಂದ ಒಂದು ದೊಡ್ಡ ಮನೆಗೆ ದ್ವಿಶತಮಾನೋತ್ಸವದ ಮನೆ ಎಂದೇ ಹೆಸರಿಟ್ಟರು. ಅದರ ಮೇಲಂತಸ್ತಿನಲ್ಲಿ ಸಿಕ್ಕಿದ ಮರದ ಹಲಗೆಗಳು, ನನ್ನ ಮಟ್ಟಿಗೆ, ಇಡೀ ಊರಿನಲ್ಲಿ ಸಿಕ್ಕ ಯಾವ ವಿಗ್ರಹಕ್ಕಿಂತಲೂ ದೊಡ್ಡವು. ರೋಮನರು ಪತ್ರ, ಕರಾರು ಬರೆಯಲು ತೆಳು ಹಲಗೆಯ ಮೇಲೆ ಮೇಣ ಸವರಿ ಲೋಹದ ಕಡ್ಡಿಯಿಂದ ಕೊರೆಯುತ್ತಿದ್ದರು. ಬಿಸಿಗೆ ಮೇಣ ಕರಗಿಹೋಗಿತ್ತು. ಆದರೆ ಕಡ್ಡಿಯ ಮೊನೆ ಮೇಣವನ್ನು ದಾಟಿ ಮರಕ್ಕೆ ತಾಗಿದ್ದಲ್ಲಿ ಗೀರುಗಳು ಉಳಿದಿದ್ದವು. ಇದ್ದಿಲಾದ ಮರದ ಮೇಲಿನ ಆ ಗೀರುಗಳನ್ನು ಓದಿದಾಗ ಒಂದು ವ್ಯಾಜ್ಯ ಎದ್ದು ಬಂತು.

ಪೆಟ್ರೋನಿಯಾ ಯುಸ್ತಾ ಎಂಬ ಹುಡುಗಿ. ಅವಳ ತಾಯಿ ವಿಟಾಲಿಸ್, ಪೆಟ್ರೋನಿಯಸ್ ಸ್ಟೆಫಾನಸ್ ಮತ್ತು ಅವನ ಹೆಂಡತಿ ಕಲಟೋರಿಯಾ ಥೆಮಿಸ್ ಅವರ ಮನೆಯಲ್ಲಿ ಗುಲಾಮಳಾಗಿದ್ದು ಆಮೇಲೆ ಬಿಡುಗಡೆ ಪಡೆದವಳು. ಯುಸ್ತಾ ಆ ಮನೆಯಲ್ಲೇ ಬೆಳೆದಳು, ಮಗಳ ಹಾಗೆಯೇ ಬೆಳೆದಳು ಎಂದು ಸಾಕ್ಷಿಗಳು ಹೇಳಿದರು. ಕೊನೆಗೆ ತಾಯಿಗೂ ಒಡೆಯರಿಗೂ ಜಗಳವಾಗಿ, ಸಾಕಿದ ಖರ್ಚನ್ನು ಕೊಟ್ಟು ತಾಯಿ ಮಗಳನ್ನು ಕರೆದುಕೊಂಡು ಹೋದಳು. ಆಮೇಲೆ ತಾಯಿ ಸತ್ತಳು, ಸ್ಟೆಫಾನಸ್ ಸತ್ತ. ವಿಧವೆ ಕಲಟೋರಿಯಾ ದಾವೆ ಹೂಡಿದಳು: ವಿಟಾಲಿಸ್‌ಗೆ ಬಿಡುಗಡೆ ಸಿಗುವ ಮುಂಚೆಯೇ ಮಗು ಹುಟ್ಟಿತ್ತು, ಹಾಗಾಗಿ ಯುಸ್ತಾ ನನ್ನ ಗುಲಾಮಳು, ಅವಳ ಆಸ್ತಿಯೂ ನನ್ನದು. ಬಿಡುಗಡೆಯಾದ ಮೇಲೆ ಹುಟ್ಟಿದವಳು ನಾನು, ಹುಟ್ಟಿನಿಂದಲೇ ಸ್ವತಂತ್ರಳು ಎಂಬುದು ಯುಸ್ತಾಳ ವಾದ. ಜನನ ದಾಖಲೆ ಇಲ್ಲ. ಸಾಕ್ಷಿಗಳ ಮಾತೇ ಆಧಾರ. ಕಲಟೋರಿಯಾಳ ಮನೆಯಿಂದಲೇ ಬಿಡುಗಡೆಯಾಗಿದ್ದ ಟೆಲೆಸ್ಫೊರಸ್ ಎಂಬವನು, ಯಾರ ಉಪ್ಪು ತಿಂದಿದ್ದನೋ ಅವರ ವಿರುದ್ಧವೇ, ಯುಸ್ತಾಳ ಪರವಾಗಿ ಆಣೆಯಿಟ್ಟು ಹೇಳಿಕೆ ಕೊಟ್ಟ. ಪ್ರಕರಣ ರೋಮಿನ ನ್ಯಾಯಾಧೀಶರ ಮುಂದೆ ಹೋಯಿತು. ಕ್ರಿ.ಶ. 75ರ ಆಸುಪಾಸಿನ ಮಾತಿದು. ತೀರ್ಪಿನ ಹಲಗೆ ಸಿಕ್ಕಿಲ್ಲ. ವ್ಯಾಜ್ಯ ತೆಗೆದವಳು, ಎದುರು ನಿಂತವಳು, ಸಾಕ್ಷಿಗಳು ಎಲ್ಲರ ಮೇಲೂ ನಾಲ್ಕು ವರ್ಷದಲ್ಲಿ ಅದೇ ಬೆಟ್ಟ ಸಿಡಿಯಿತು. ರೋಮನ್ ಕಾನೂನಿನ ದೊಡ್ಡ ಗ್ರಂಥಗಳು ನಮಗೆ ಸಿಕ್ಕಿವೆ. ಆ ಕಾನೂನಿನೊಳಗೆ ಸಿಕ್ಕಿಕೊಂಡ ಒಬ್ಬ ಹುಡುಗಿಯ ತಳಮಳ ಸಿಕ್ಕಿದ್ದು ಇದ್ದಿಲಾದ ಹಲಗೆಗಳಿಂದ.

   

ಮಯೂರಿಯವರ ಕಾಲದವರೆಗೂ ಒಂದು ಸಮಾಧಾನವಿತ್ತು. ಊರೊಳಗೆ ಸಿಕ್ಕ ಅಸ್ಥಿಪಂಜರಗಳು ಕೆಲವೇ ಕೆಲವು. ಹಾಗಾದರೆ ಜನ ತಪ್ಪಿಸಿಕೊಂಡಿದ್ದಾರೆ ಎಂದು ಎಲ್ಲರೂ ನಂಬಿದ್ದರು. 1980ರಲ್ಲಿ ಅಂತರ್ಜಲ ಹೊರಹಾಕಲೆಂದು ಊರಿನ ಕೆಳಗಿನ ಪ್ರಾಚೀನ ಕಡಲ ದಂಡೆಯನ್ನು ಅಗೆದರು. ಅಲ್ಲಿ ದೋಣಿಗಳನ್ನಿಡಲು ಕಟ್ಟಿದ್ದ ಕಮಾನಿನ ಕೊಠಡಿಗಳ ಸಾಲಿತ್ತು. ಒಂದೊಂದಾಗಿ ತೆರೆಯುತ್ತಾ ಹೋದ ಹಾಗೆ ಆ ಸಮಾಧಾನ ಮುರಿದುಬಿತ್ತು. ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು, ಮಕ್ಕಳನ್ನು ತಬ್ಬಿಕೊಂಡು ಕುಳಿತವರು, ಮಲಗಿದವರು. ದಂಡೆಯ ಮೇಲಿನವರೂ ಸೇರಿ ಮುನ್ನೂರಕ್ಕೂ ಹೆಚ್ಚು ಜನ. ಮನೆಯ ಬೀಗದ ಕೈ ಕೈಯಲ್ಲಿದ್ದವರಿದ್ದರು. ದೀಪ ಹಿಡಿದು ಬಂದವರಿದ್ದರು. ಬೆರಳಲ್ಲಿ ಉಂಗುರಗಳಿದ್ದ, ಪಕ್ಕದಲ್ಲಿ ಚಿನ್ನದ ಬಳೆಗಳಿದ್ದ ಸುಮಾರು ನಲವತ್ತೈದರ ಒಬ್ಬ ಹೆಂಗಸು. ಕತ್ತಿ, ಅಲಂಕಾರದ ನಡುಪಟ್ಟಿ, ಬಡಗಿಯ ಹತಾರಗಳ ಚೀಲದ ಜೊತೆ ಬೋರಲು ಬಿದ್ದಿದ್ದ ಒಬ್ಬ ಸೈನಿಕ. ಅವನು ಹಿರಿಯ ಪ್ಲಿನಿ ಕಳಿಸಿದ ರಕ್ಷಣಾ ತಂಡದವನಿರಬಹುದೆಂದು ಈಚೆಗೆ ಊಹಿಸಲಾಗಿದೆ. ಹತ್ತಿರದಲ್ಲೇ ತಲೆಕೆಳಗಾಗಿದ್ದ ಒಂಬತ್ತು ಮೀಟರಿನ ದೋಣಿ.

ರೋಮನರು ಆ ಕಾಲದಲ್ಲಿ ಹೆಚ್ಚಾಗಿ ಸತ್ತವರನ್ನು ಸುಡುತ್ತಿದ್ದರು. ಹಾಗಾಗಿ ಒಂದು ಊರಿನ ಬಡವ, ಸಿರಿವಂತ, ಗುಲಾಮ, ಒಡತಿ, ಮಗು ಎಲ್ಲರ ಮೂಳೆ ಒಂದೇ ಕಡೆ ಸಿಗುವುದು ತೀರಾ ಅಪರೂಪ. ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಬಿಸೆಲ್ ಆ ಮೂಳೆಗಳನ್ನು ಒಂದೊಂದಾಗಿ ತೊಳೆದು, ಜೋಡಿಸಿ, ವಯಸ್ಸು, ದುಡಿಮೆ, ಕಾಯಿಲೆಗಳನ್ನು ಓದತೊಡಗಿದರು. ಆ ಕೆಲಸ ಇವತ್ತಿಗೂ ನಡೆದಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹದಿನೇಳು ಜನರ ಮೂಳೆಗಳ ರಾಸಾಯನಿಕ ಪರೀಕ್ಷೆ ಮಾಡಿ, ಗಂಡಸರು ಕಡಲ ಆಹಾರದಿಂದ ಪಡೆಯುತ್ತಿದ್ದ ಪ್ರೋಟೀನ್ ಹೆಂಗಸರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿತ್ತೆಂದು ತೋರಿಸಿತು. ಒಂದೇ ಊರು, ಒಂದೇ ಕಡಲು. ಮೀನು ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬ ಲೆಕ್ಕ ಮೂಳೆಯಲ್ಲಿ ಉಳಿದಿತ್ತು. ಊರೊಳಗೆ ಒಂದು ಸಾರ್ವಜನಿಕ ಕಟ್ಟಡದಲ್ಲಿ ಮಂಚದ ಮೇಲೆ ಸತ್ತಿದ್ದ ಯುವಕನೊಬ್ಬನ ತಲೆಬುರುಡೆಯೊಳಗೆ ಮಿದುಳು ಕರಿಯ ಗಾಜಾಗಿ ಮಾರ್ಪಟ್ಟಿದೆ ಎಂದು 2020ರಲ್ಲಿ ನೇಪಲ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ಅದಕ್ಕೆ 510 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿ, ಕೂಡಲೇ ತಣಿವು ಬೇಕಾಗುತ್ತದೆ ಎಂಬುದು ಅವರ 2025ರ ವಿವರಣೆ.

ಅಗೆದು ತೆಗೆದ ಮೇಲೆ ಏನಾಯಿತು ಎಂಬುದು ಪುರಾತತ್ವದ ಪುಸ್ತಕಗಳಲ್ಲಿ ಸಾಕಷ್ಟು ಬಾರದ ಭಾಗ. ಇಪ್ಪತ್ತು ಮೀಟರ್ ಬೂದಿಯ ಕೆಳಗೆ ಹದಿನೇಳು ಹದಿನೆಂಟು ಶತಮಾನ ಅಲುಗಾಡದ ಊರು ಮಳೆ, ಬಿಸಿಲು, ಪಾರಿವಾಳದ ಹಿಕ್ಕೆಗೆ ಮೈಯೊಡ್ಡಿ ಐವತ್ತೇ ವರ್ಷಗಳಲ್ಲಿ ಕುಸಿಯತೊಡಗಿತು. ಮಯೂರಿ ಕಾಲದಲ್ಲಿ ಹೊದಿಸಿದ ಮಾಡುಗಳು ಸೋರಿದವು, ಹಾಕಿದ ಕಬ್ಬಿಣ ತುಕ್ಕು ಹಿಡಿದು ಗೋಡೆಗಳನ್ನೇ ಸೀಳಿತು, ಬಣ್ಣದ ಗಾರೆ ಹಪ್ಪಳವಾಗಿ ಉದುರಿತು. 1990ರ ದಶಕದ ಕೊನೆಗೆ ತೆರೆದ ಭಾಗದ ಮೂರನೇ ಎರಡು ಪಾಲಿಗೆ ಪ್ರವಾಸಿಗರನ್ನು ಬಿಡುವುದು ನಿಂತಿತ್ತು. 2001ರಿಂದ ಈಚೆಗೆ ಅಮೆರಿಕದ ಪ್ಯಾಕರ್ಡ್ ಸಂಸ್ಥೆ, ಇಟಲಿಯ ಪುರಾತತ್ವ ಇಲಾಖೆ, ರೋಮಿನ ಬ್ರಿಟಿಷ್ ಸ್ಕೂಲ್ ಕೂಡಿ ಸಂರಕ್ಷಣೆಯ ಕೆಲಸ ಹಿಡಿದವು. ನೇತೃತ್ವ ಇತಿಹಾಸಕಾರ ಆಂಡ್ರ್ಯೂ ವಾಲೇಸ್ ಹ್ಯಾಡ್ರಿಲ್ ಅವರದು. ಹೊಸದಾಗಿ ಏನನ್ನೂ ಅಗೆಯದೆ ಅವರು ಮೊದಲು ಕೈಹಾಕಿದ್ದು ಮಾಡು ಮತ್ತು ಚರಂಡಿಗೆ. ಇದಕ್ಕಿಂತ ದೊಡ್ಡ ವಿವೇಕ ನನಗೆ ಈ ಮುನ್ನೂರು ವರ್ಷಗಳಲ್ಲಿ ಕಾಣುವುದಿಲ್ಲ.

ಅಗೆಯದಿದ್ದರೂ ಸಿಕ್ಕಿದ್ದು ಸಾಮಾನ್ಯವಲ್ಲ. ಮಳೆನೀರು ಹೋಗಲು ರೋಮನರದ್ದೇ ಹಳೆಯ ಚರಂಡಿಗಳನ್ನು ಮತ್ತೆ ಬಳಸೋಣವೆಂದು ಬಿಡಿಸಿದಾಗ, ಐದನೇ ಕಾರ್ಡೊ ಎಂಬ ಬೀದಿಯ ಒಂದು ಬಾಡಿಗೆ ಮನೆಗಳ ಕಟ್ಟಡದ ಅಡಿಯಲ್ಲಿ ಹೊರಕ್ಕೆ ದಾರಿಯಿಲ್ಲದ ಗುಂಡಿ ಸಿಕ್ಕಿತು. ಮೇಲಿನ ಮನೆಗಳ ಪಾಯಖಾನೆಯೂ ಅಡುಗೆಮನೆಯ ಕಸವೂ ಬೀಳುತ್ತಿದ್ದ ಜಾಗ. ಒಣಗಿ ಮಣ್ಣಾಗಿದ್ದ ಆ ಮಲವನ್ನು ಏಳುನೂರಕ್ಕೂ ಹೆಚ್ಚು ಚೀಲಗಳಲ್ಲಿ ತುಂಬಿ, ಜರಡಿ ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಜೂರದ ಬೀಜ, ಆಲಿವ್ ಓಟೆ, ಮೊಟ್ಟೆಯ ಸಿಪ್ಪೆ, ಹತ್ತಾರು ಜಾತಿಯ ಮೀನಿನ ಮುಳ್ಳು, ಕಡಲಮುಳ್ಳಿಯ ಚೂರು. ಅಂಗಡಿಯ ಮೇಲಿನ ಪುಟ್ಟ ಕೋಣೆಗಳಲ್ಲಿ ಬಾಡಿಗೆಗಿದ್ದ ಸಾಧಾರಣ ಜನ ಹೀಗೆ ಬಗೆಬಗೆಯಾಗಿ ಉಣ್ಣುತ್ತಿದ್ದರೆಂದು ಯಾರೂ ಅಂದುಕೊಂಡಿರಲಿಲ್ಲ. ರೋಮನ್ ಬಡವನೆಂದರೆ ಗಂಜಿ, ಒಣರೊಟ್ಟಿ ಎಂಬ ಹಳೆಯ ಚಿತ್ರವನ್ನು ಒಂದು ಪಾಯಖಾನೆಯ ಗುಂಡಿ ಅಳಿಸಿತು. ಕಡಲ ದಂಡೆಯ ಒದ್ದೆ ಮರಳಿನಲ್ಲಿ 2009ರ ಹೊತ್ತಿಗೆ ಇನ್ನೊಂದು ಬೆರಗು ಕಾದಿತ್ತು. ಟೆಲಿಫಸ್ ಉಬ್ಬುಶಿಲ್ಪದ ಮನೆ ಎಂದು ಕರೆಯುವ ಸಿರಿವಂತರ ಮನೆಯ ಮಾಡು ಆ ರಾತ್ರಿ ಕಿತ್ತು ಹಾರಿ ಕೆಳಗೆ ಬಿದ್ದಿತ್ತು. ನೀರಲ್ಲಿ ನೆನೆದು ಉಳಿದ ಆ ಮರ ಇದ್ದಿಲಾಗಿರಲಿಲ್ಲ. ತೊಲೆಗಳ ಜೋಡಣೆ, ಒಳಮಾಡಿನ ಚೌಕಗಳ ನೀಲಿ, ಕೆಂಪು ಬಣ್ಣ, ಚಿನ್ನದ ರೇಕು ಕೂಡ ಉಳಿದಿದ್ದವು.

ಸುರುಳಿಗಳ ಕಡೆಗೆ ಮತ್ತೆ ಬರೋಣ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಎಂಬ ಗಣಕ ವಿಜ್ಞಾನಿ, ಸುರುಳಿಯನ್ನು ಮುಟ್ಟದೆ ಎಕ್ಸ್‌ರೇ ಚಿತ್ರಗಳಿಂದ ಕಂಪ್ಯೂಟರಿನಲ್ಲಿ ಬಿಚ್ಚುವ ದಾರಿಯನ್ನು ಎರಡು ದಶಕ ಬೆನ್ನುಹತ್ತಿದರು. ಇಸ್ರೇಲಿನ ಐನ್ ಗೇಡಿಯಲ್ಲಿ ಸಿಕ್ಕಿದ್ದ ಸುಟ್ಟ ಚರ್ಮದ ಸುರುಳಿಯನ್ನು ಅವರು ಹೀಗೆ ಓದಿ ತೋರಿಸಿದರು. ಆ ಶಾಯಿ ಎಕ್ಸ್‌ರೇಯಲ್ಲಿ ಎದ್ದು ಕಾಣುವಂಥದ್ದಾಗಿತ್ತು. ಹರ್ಕ್ಯುಲೇನಿಯಂನ ಶಾಯಿ ದೀಪದ ಕಾಡಿಗೆಯಿಂದ ಮಾಡಿದ್ದು. ನಮ್ಮ ಓಲೆಗರಿಯಲ್ಲಿ ಕೊರೆದ ಅಕ್ಷರಕ್ಕೆ ಮಸಿ ಉಜ್ಜಿದರೆ ಅದು ಎದ್ದು ಕಾಣುತ್ತದೆ, ಗರಿ ಬೆಳ್ಳಗಿರುವುದರಿಂದ. ಇಲ್ಲಿ ಹಾಳೆಯೂ ಇದ್ದಿಲು, ಮಸಿಯೂ ಇದ್ದಿಲು. ಎಕ್ಸ್‌ರೇಗೆ ಎರಡರ ನಡುವೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

2019ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಎರಡು ಸುರುಳಿಗಳನ್ನು, ನೆಪೋಲಿಯನ್‌ಗೆ ಹೋಗಿದ್ದವನ್ನೇ, ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಎಂಬ ಪ್ರಯೋಗಾಲಯಕ್ಕೆ ತಂದು ತೀಕ್ಷ್ಣ ಎಕ್ಸ್‌ರೇಯಲ್ಲಿ ಚಿತ್ರ ತೆಗೆದರು. 2023ರ ಮಾರ್ಚಿನಲ್ಲಿ ಸೀಲ್ಸ್ ಮತ್ತು ಕೆಲವು ಉದ್ಯಮಿಗಳು ಆ ಚಿತ್ರಗಳನ್ನು ಲೋಕಕ್ಕೆಲ್ಲ ತೆರೆದಿಟ್ಟು, ಓದಿದವರಿಗೆ ಬಹುಮಾನವೆಂದು ಸಾರಿದರು. ಮಸಿ ಒಣಗಿದ ಕಡೆ ಮೇಲ್ಮೈ ಕೆಸರೊಣಗಿದಂತೆ ನವಿರಾಗಿ ಬಿರಿದಿರುವುದನ್ನು ಕೇಸಿ ಹ್ಯಾಂಡ್ಮರ್ ಎಂಬವರು ಬರಿಗಣ್ಣಿಂದಲೇ ಗಂಟೆಗಟ್ಟಲೆ ನೋಡಿ ಗುರುತಿಸಿದರು. ಆ ಬಿರುಕನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಇಪ್ಪತ್ತೊಂದರ ವಿದ್ಯಾರ್ಥಿ ಲೂಕ್ ಫ್ಯಾರಿಟರ್‌ಗೆ ಮೊದಲು ಕಂಡದ್ದು ನೇರಳೆ ಬಣ್ಣವನ್ನು ಹೇಳುವ ಒಂದು ಗ್ರೀಕ್ ಪದ. ಬರ್ಲಿನ್ನಿನಲ್ಲಿ ಓದುತ್ತಿದ್ದ ಈಜಿಪ್ಟಿನ ಯೂಸುಫ್ ನಾದರ್ ಕೂಡ ಬೇರೆ ದಾರಿಯಲ್ಲಿ ಅದೇ ಪದಕ್ಕೆ ಬಂದಿದ್ದರು. ಅವರಿಬ್ಬರೂ ಸ್ವಿಟ್ಜರ್ಲೆಂಡಿನ ಜೂಲಿಯನ್ ಶಿಲ್ಲಿಗರ್ ಜೊತೆ ಸೇರಿ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳನ್ನು ಓದಿದರು. 2024ರ ಫೆಬ್ರವರಿಯಲ್ಲಿ ಅವರಿಗೆ ಏಳು ಲಕ್ಷ ಡಾಲರ್ ಬಹುಮಾನ ಬಂತು. ಅಷ್ಟಾಗಿಯೂ ಅದು ಆ ಸುರುಳಿಯ ನೂರರಲ್ಲಿ ಐದು ಪಾಲು. ಬಹುಶಃ ಫಿಲೊಡೀಮಸ್‌ನದ್ದೇ ಬರಹ, ಸುಖದ ಕುರಿತು: ಅಪರೂಪಕ್ಕೆ ಸಿಗುವ ತಿನಿಸು ಯಾವಾಗಲೂ ಸಿಗುವುದಕ್ಕಿಂತ ಹೆಚ್ಚು ಸುಖ ಕೊಡುತ್ತದೆಯೇ ಎಂಬ ಪ್ರಶ್ನೆ. 2025ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ, ಎಂದೂ ಬಿಚ್ಚದ ಇನ್ನೊಂದು ಸುರುಳಿಯ ಒಳತುದಿಯಲ್ಲಿ ಗ್ರಂಥದ ಹೆಸರೂ ಕರ್ತೃವಿನ ಹೆಸರೂ ಕಂಡವು. ದುರ್ಗುಣಗಳ ಕುರಿತು ಫಿಲೊಡೀಮಸ್ ಬರೆದ ಗ್ರಂಥ.

ಈಗ ವಿದ್ವಾಂಸರಲ್ಲಿ ಒಂದು ಜಗಳವಿದೆ. ಬಂಗಲೆಯ ಹೆಚ್ಚಿನ ಭಾಗ ಇನ್ನೂ ನೆಲದಡಿಯಲ್ಲಿದೆ. 1990ರ ದಶಕದ ಅಗೆತದಲ್ಲಿ ವೆಬರನಿಗೆ ಗೊತ್ತಿಲ್ಲದಿದ್ದ ಕೆಳ ಅಂತಸ್ತುಗಳೂ ಕಂಡಿವೆ. ಅಲ್ಲಿ ಲ್ಯಾಟಿನ್ ಪುಸ್ತಕಗಳ ಭಂಡಾರ ಬೇರೆಯೇ ಇರಬಹುದು, ಕೂಡಲೇ ಅಗೆಯಬೇಕು, ವೆಸೂವಿಯಸ್ ಮತ್ತೆ ಯಾವಾಗ ಸಿಡಿಯುತ್ತದೋ ಯಾರಿಗೆ ಗೊತ್ತು ಎನ್ನುವವರು ಒಂದು ಕಡೆ. 1944ರಲ್ಲಿ ಅದು ಕೊನೆಯ ಬಾರಿ ಬೆಂಕಿಯುಗುಳಿದ್ದೂ ನಿಜ. ತೆರೆದಿರುವುದನ್ನೇ ಕಾಪಾಡಲು ತಿಣುಕುತ್ತಿರುವಾಗ ಹೊಸದನ್ನು ತೆರೆಯಬಾರದು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪರ. ಮುಚ್ಚಿರುವುದು ಹಾಳಾಗುತ್ತಿಲ್ಲ. ಮೇಲೆ ಎರ್ಕೊಲಾನೊ ಎಂಬ ಈಗಿನ ಊರಿನ ಜನ ಬದುಕುತ್ತಿದ್ದಾರೆ, ಅವರ ಮನೆಗಳನ್ನು ಕೆಡವುವ ಹಕ್ಕು ಸತ್ತವರ ಪುಸ್ತಕಗಳಿಗಿಲ್ಲ. ಆಮೇಲೆ, ಈಗಾಗಲೇ ಹೊರಗಿರುವ ನೂರಾರು ಸುರುಳಿಗಳು ನೇಪಲ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಓದುವವರಿಗಾಗಿ ಕಾದಿವೆ. ಒಂದೊಂದನ್ನೂ ಜೋಪಾನವಾಗಿ ಪ್ರಯೋಗಾಲಯಕ್ಕೆ ಒಯ್ದು ಚಿತ್ರ ತೆಗೆಯುವ ಕೆಲಸ ಶುರುವಾಗಿದೆ. ಅವುಗಳಲ್ಲಿ ಎಷ್ಟು ಗ್ರೀಕ್, ಎಷ್ಟು ಲ್ಯಾಟಿನ್ ಎಂಬುದು ಮೊದಲು ಗೊತ್ತಾಗಲಿ. ಆಮೇಲೆ ಗುದ್ದಲಿಯ ಮಾತು.